ಅರ್ಧ ಮಾತ್ರೆ

“ಎಷ್ಟು ಗಂಡಸರ ಜೊತೆ ಮಲಗಿದ್ದೀಯಾ?”

ಗುಮಾಸ್ತ ತಲೆ ಎತ್ತದೆಯೇ ಕೇಳಿದ. ಅವನ ಪೆನ್ನು ಅಚ್ಚಾದ ಫಾರಮ್ಮಿನ ಏಳನೇ ಸಾಲಿನ ಮೇಲೆ ಕೂತಿತ್ತು. ಬಾಗಿಲಾಚೆ ಬೆಂಚಿನ ಮೇಲೆ ಚೀಟಿ ಹಿಡಿದು ಕಾಯುತ್ತಿದ್ದ ಏಳೆಂಟು ಮಂದಿ ಕೆಮ್ಮುವುದನ್ನೂ ಮರೆತು ಕಿವಿಗೊಟ್ಟರು.

“ಏನಂದ್ರಿ?” ಎಂದಳು ದೊಡ್ಡಕ್ಕ.

“ಕಿವುಡಾ? ಗಂಡಸರು. ಎಷ್ಟು ಜನ?”

“ಗಂಡ ಅಂತ ಒಬ್ಬ ಇದ್ದ. ಸತ್ತು ಒಂಬತ್ತು ವರ್ಷ ಆಯ್ತು.”

“ಅದಾದ್ಮೇಲೆ?”

“ಅದಾದ್ಮೇಲೆ ನಿಮ್ಮ ಆಸ್ಪತ್ರೆ ಚಾದರ ಒಗೀತಿದ್ದೀನಿ ಸ್ವಾಮಿ. ಮಲಗೋಕೆ ಪುರುಸೊತ್ತೆಲ್ಲಿ?”

ಬೆಂಚಿನ ಮೇಲೆ ಯಾರೋ ಕಿಸಕ್ಕನೆ ನಕ್ಕರು. ಗುಮಾಸ್ತ ಈಗ ತಲೆ ಎತ್ತಿದ. ಬಡವರು ತಮಾಷೆ ಮಾಡಿದರೆ ಅವನಿಗೆ ಹೊಟ್ಟೆನೋವು ಬರುತ್ತಿತ್ತು. “ಬಾಯಿ ಭಾರಿ ಜೋರಿದೆ. ನಶೆಗೆ ಸೂಜಿ ಚುಚ್ಕೋತೀಯಾ?”

“ಇಲ್ಲ.”

“ರಕ್ತ ಹಾಕಿಸ್ಕೊಂಡಿದ್ದೀಯಾ?”

“ನಿಮ್ಮವರು ತೆಗೆದಿದ್ದಾರೆ, ಹಾಕಿಲ್ಲ.”

“ಬೇರೆಯವರ ಬ್ಲೇಡು, ಹಲ್ಲುಜ್ಜೋ ಬ್ರಷ್ಷು?”

“ಇಲ್ಲ.”

“ಮತ್ತೆ ಈ ಕಾಯಿಲೆ ಆಕಾಶದಿಂದ ಉದುರ್ತಾ?”

“ಚಾದರದಿಂದ ಉದುರ್ತು. ಮೇಲಿನ ವಾರ್ಡುಗಳಿಂದ ಬರೋ ಮೂಟೇಲಿ ಸೂಜಿ ಇರ್ತಾವೆ. ಕೊಡವೋವಾಗ ಚುಚ್ಚುತ್ತೆ. ಇಲ್ನೋಡಿ.” ಅವಳು ಎರಡೂ ಅಂಗೈ ಚಾಚಿದಳು. ಬ್ಲೀಚಿಂಗ್ ನೀರಿಗೆ ಸಿಪ್ಪೆ ಎದ್ದ ಬೆರಳುಗಳ ಮೇಲೆ ಹಳೆಯವು, ಹೊಸವು, ಅರ್ಧ ಮಾಸಿದವು ಎಂದು ಚುಚ್ಚಿದ ಗುರುತುಗಳು ತುಂಬಿದ್ದವು. ಗುಮಾಸ್ತ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದ.

“ಅದಕ್ಕೆ ಇಲ್ಲಿ ಸಾಲಿಲ್ಲ.”

“ಸಾಲಿಲ್ದಿದ್ರೆ ಪಕ್ಕದಲ್ಲಿ ಬರೀರಿ.”

“ಇದು ಸರ್ಕಾರದ ಫಾರಮ್ಮು. ನಿಮ್ಮಜ್ಜಿ ಮನೆ ಗೋಡೆ ಅಲ್ಲ, ಸಿಕ್ಕಿದ್ದೆಲ್ಲ ಗೀಚೋಕೆ.” ಅವನ ಕಣ್ಣು ಅವಳ ಮುಂಗೈ ಮೇಲೆ ನಿಂತಿತು. ಏಳು ವರ್ಷದವಳಿದ್ದಾಗ ಅವ್ವ ಸಂತೆಯಲ್ಲಿ ಹಾಕಿಸಿದ್ದ ಮೂರು ಚುಕ್ಕೆಯ ಹಚ್ಚೆ ಅಲ್ಲಿತ್ತು. “ಇದೇನಿದು? ಹಚ್ಚೆ ಇದೆಯಲ್ಲ! ಅದನ್ನ ಮೊದ್ಲೇ ಬೊಗಳೋಕೇನು?”

“ಅದು ನಲವತ್ತು ವರ್ಷದ್ದು.”

“ಹಚ್ಚೆ ಹಚ್ಚೆನೇ.” ಹಚ್ಚೆಯ ಸಾಲಿನ ಮುಂದೆ ಗೀಟು ಬಿತ್ತು. ಅಲ್ಲಿಗೆ ಆಸ್ಪತ್ರೆಯ ಪಾಲಿಗೆ ಪ್ರಕರಣ ಮುಗಿಯಿತು.

ಎರಡು ವಾರದ ಹಿಂದೆ ದೊಡ್ಡಕ್ಕ ಕೊಡವುವ ಮೇಜಿನ ಮುಂದೆ ನಿಂತಲ್ಲೇ ನಿದ್ದೆ ಹೋಗಿ ಬಿದ್ದಿದ್ದಳು. ಸುಸ್ತು ಅವಳಿಗೆ ಹೊಸದೇನಲ್ಲ. ಸುಸ್ತಾಗದ ಹೆಂಗಸರನ್ನು ಅವಳು ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಆದರೆ ಬಿದ್ದವಳನ್ನು ಎತ್ತಿದ ನರ್ಸು, ಅವಳ ಕಣ್ಣರೆಪ್ಪೆ ಬಿಡಿಸಿ ನೋಡಿ, ಯಾರನ್ನೂ ಕೇಳದೆ ರಕ್ತ ತೆಗೆದು ಕಳಿಸಿಬಿಟ್ಟಿದ್ದಳು. ‘ಸಿ’ ಅನ್ನುವ ಕಾಮಾಲೆ ಎಂದು ಬಂತು. ಕಣ್ಣು ಹಳದಿಯಾಗದೆ, ಜ್ವರ ಬಾರದೆ, ವರ್ಷಗಟ್ಟಲೆ ಸದ್ದಿಲ್ಲದೆ ಲಿವರಿನೊಳಗೆ ಮನೆ ಮಾಡುವಂಥದ್ದು.

ಒಗೆಯುವ ಮನೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಾಯ್ಲರಿನ ಪಕ್ಕದಲ್ಲಿತ್ತು. ಹದಿನೇಳು ಹೆಂಗಸರು. ತೊಳೆಯುವವರು, ಒಣಗಿಸುವವರು, ಮಡಚುವವರು, ಇವರೆಲ್ಲರಿಗಿಂತ ಮೊದಲು ಕೊಡವುವವರು. ಮೇಲಿಂದ ಮೂಟೆಗಳು ತಗಡಿನ ಕೊಳವೆಯೊಳಗೆ ಜಾರಿ ದಬದಬ ಬೀಳುತ್ತವೆ. ಒಂದೊಂದು ಚಾದರವನ್ನೂ ಬಿಡಿಸಿ, ಕೊಡವಿ, ಆಮೇಲೆ ಯಂತ್ರಕ್ಕೆ ಹಾಕಬೇಕು. ಯಾವ ಕಾಲದಲ್ಲೋ ಒಂದು ಕತ್ತರಿ ಒಳಗೆ ಹೋಗಿ ಯಂತ್ರದ ಹೊಟ್ಟೆ ಸೀಳಿತ್ತಂತೆ. ಯಂತ್ರದ ಹೊಟ್ಟೆಗೆ ಏನೂ ಆಗಬಾರದೆಂದು ಅಂದಿನಿಂದ ಈ ಏರ್ಪಾಡು. ಚಾದರದಿಂದ ಹತ್ತಿ ಉದುರುತ್ತದೆ, ರಕ್ತದ ಕೊಳವೆ ಉದುರುತ್ತದೆ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು ಉದುರಿ ಹೆಂಗಸರೆಲ್ಲ ಹೊಟ್ಟೆ ಹಿಡಿದು ನಕ್ಕಿದ್ದರು. ಸೂಜಿ ಉದುರುವುದಿಲ್ಲ. ಅದು ಬಟ್ಟೆಯಲ್ಲಿ ಕಚ್ಚಿಕೊಂಡಿದ್ದು ಕೈಗೆ ಸಿಗುತ್ತದೆ.

ಒಂದು ಮೇಜಿಗೆ ಇಬ್ಬರು, ಒಂದು ಮೇಜಿಗೆ ಒಂದೇ ಜೊತೆ ರಬ್ಬರ್ ಗವಸು. ಕಂಟ್ರಾಕ್ಟಿನಲ್ಲಿ ಬರೆದದ್ದೇ ಹಾಗೆ. ಹೀಗಾಗಿ ಪ್ರತಿ ಮೇಜಿನಲ್ಲೂ ಒಬ್ಬಳಿಗೆ ಬಲಗೈ ಗವಸು, ಇನ್ನೊಬ್ಬಳಿಗೆ ಎಡಗೈದು. ದೊಡ್ಡಕ್ಕನ ಮೇಜಿನಲ್ಲಿ ಜೊತೆಗಿದ್ದವಳು ಅವಳ ನಾದಿನಿ, ಸತ್ತ ಗಂಡನ ತಂಗಿ. ಅವಳು ಎಡಚಿ. ಹಾಗಾಗಿ ಗವಸಿನ ವಿಷಯಕ್ಕೆ ಈ ಮೇಜಿನಲ್ಲಿ ಒಂದು ದಿನವೂ ಜಗಳವಾಗಿರಲಿಲ್ಲ. “ನಮ್ಮಣ್ಣನ ಜೊತೆ ನೀನು ಮಾಡಿದ್ದು ಸಂಸಾರ ಅಲ್ಲ ಅತ್ತಿಗೆ, ನನ್ನ ಜೊತೆ ಮಾಡ್ತಿರೋದೇ ಸಂಸಾರ” ಎಂದು ನಾದಿನಿ ಗವಸು ಎಳೆದುಕೊಳ್ಳುತ್ತ ಹೇಳುತ್ತಿದ್ದಳು.

ಸೂಜಿ ಚುಚ್ಚಿತೆಂದು ಬಾಯಿಬಿಡುವಂತಿರಲಿಲ್ಲ. ಬಾಯಿಬಿಟ್ಟವಳನ್ನು ಮೇಸ್ತ್ರಿ ‘ವಿಶ್ರಾಂತಿ’ ಎಂದು ಮೂರು ದಿನ ಗೇಟಿನಾಚೆ ನಿಲ್ಲಿಸುತ್ತಿದ್ದ. ನಾಲ್ಕನೇ ದಿನ ‘ನನ್ನ ಅಜಾಗರೂಕತೆಯಿಂದ’ ಎಂದು ಶುರುವಾಗುವ ಕಾಗದಕ್ಕೆ ಅವಳ ಸಹಿ. ಎರಡು ಸಲ ಸಹಿ ಹಾಕಿದವಳು ಮತ್ತೆ ಕೆಲಸಕ್ಕೆ ಬಂದ ಉದಾಹರಣೆ ಇರಲಿಲ್ಲ. ಅದಕ್ಕೇ ಚುಚ್ಚಿಸಿಕೊಂಡವಳು ತುಟಿ ಕಚ್ಚಿ ಬೆರಳು ಹಿಂಡುತ್ತಿದ್ದಳು, ಬ್ಲೀಚಿಂಗ್ ತೊಟ್ಟಿಗೆ ಅದ್ದುತ್ತಿದ್ದಳು, ಉರಿ ತಡೆಯುವಷ್ಟು ಹೊತ್ತು ಮೇಸ್ತ್ರಿಯ ವಂಶವನ್ನು ಮನಸ್ಸಿನಲ್ಲೇ ತೊಳೆದು ಮುಂದಿನ ಚಾದರ ಎತ್ತುತ್ತಿದ್ದಳು.

ದೊಡ್ಡಕ್ಕನ ಕಾಯಿಲೆ ಗೊತ್ತಾದ ಮಾರನೇ ದಿನ ಆಡಳಿತಾಧಿಕಾರಿ ಸ್ವತಃ ಕೆಳಗಿಳಿದು ಬಂದ. ಅವನು ಬರುವುದಕ್ಕಿಂತ ಮೊದಲು ಅವನ ಅತ್ತರು ಬರುತ್ತಿದ್ದುದರಿಂದ ಹೆಂಗಸರು ಅವನನ್ನು ಸೆಂಟು ಸಾಹೇಬ ಎನ್ನುತ್ತಿದ್ದರು. ಮೂಗಿಗೆ ಕರವಸ್ತ್ರ ಒತ್ತಿಕೊಂಡು ಎಲ್ಲರನ್ನೂ ಒಮ್ಮೆ ನೋಡಿ ಕೇಳಿದ, “ಯಾರದು?”

ಮೇಸ್ತ್ರಿ ಬೆರಳು ತೋರಿಸಿದ.

“ತೆಗೆದು ಹಾಕೋದೇನೂ ಬೇಡ ಪಾಪ. ಇದೇ ಟೇಬಲ್ಲಲ್ಲಿ ಇರ್ಲಿ. ಹೇಗೂ ಅವಳಿಗೆ ಬಂದಾಗಿದೆ. ಇನ್ನು ಎಷ್ಟು ಚುಚ್ಚಿದ್ರೂ ಬರೋದೇನಿದೆ? ಆ ಗ್ಲೌಸು ಇನ್ನೊಬ್ಬಳಿಗೆ ಕೊಡು.”

“ಸಾಹೇಬ್ರದ್ದು ದೊಡ್ಡ ಮನಸ್ಸು” ಎಂದ ಮೇಸ್ತ್ರಿ, ದೊಡ್ಡಕ್ಕನ ಬಲಗೈಯಿಂದ ಗವಸನ್ನು ಕಿತ್ತು ನಾದಿನಿಯ ಮುಂದೆ ಎಸೆಯುತ್ತ. ಅತ್ತರು ಮೆಟ್ಟಿಲು ಹತ್ತಿ ಹೋದ ಮೇಲೆ ನಾದಿನಿ ಗವಸನ್ನು ವಾಪಸು ಎಸೆದಳು. “ತಗೋ. ನನ್ನ ಬಲಗೈ ದಂಡಪಿಂಡ, ಅದಕ್ಕೆ ಅಂಗಿ ಬೇರೆ ಕೇಡು. ಬೋಳಿಮಗ, ಏನು ಲೆಕ್ಕಾಚಾರ ಅವನದು!”

ದೊಡ್ಡಕ್ಕನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಮಾಡಿಕೊಳ್ಳಲೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. ಅವಳಿಗೆ ಆ ಹೊತ್ತಿನಲ್ಲಿ ಬೇಕಾಗಿದ್ದದ್ದು ಕೂರಲು ಒಂದು ಸ್ಟೂಲು, ಅಷ್ಟೇ.

ಮಂಗಳವಾರ ಹಳೇ ಕಟ್ಟಡದಲ್ಲಿ ಲಿವರಿನ ಡಾಕ್ಟ್ರಮ್ಮ ಕೂರುತ್ತಿದ್ದಳು. ಕಣ್ಣ ಕೆಳಗೆ ಕಪ್ಪು ಕಟ್ಟಿದ, ಟೀ ಆರಿಸಿ ಕುಡಿಯುವಷ್ಟೂ ಪುರುಸೊತ್ತಿಲ್ಲದ ಹೆಂಗಸು. ಆದರೂ ದೊಡ್ಡಕ್ಕನನ್ನು ಕುರ್ಚಿಯ ಮೇಲೆ ಕೂರಿಸಿದಳು. ಆ ಆಸ್ಪತ್ರೆಯ ಕುರ್ಚಿಯ ಮೇಲೆ ದೊಡ್ಡಕ್ಕ ಕೂತದ್ದು ಅದೇ ಮೊದಲು.

“ದಿನಕ್ಕೊಂದು ಮಾತ್ರೆ. ಎಂಬತ್ತನಾಲ್ಕು ದಿನ. ಒಂದು ದಿನಾನೂ ತಪ್ಪಬಾರ್ದು. ಮುಗಿದ್ಮೇಲೆ ಮೂರು ತಿಂಗಳು ಬಿಟ್ಟು ರಕ್ತ ನೋಡ್ತೀವಿ. ಅವತ್ತು ವೈರಸ್ ಕಾಣದೆ ಹೋದ್ರೆ ಪೂರ್ತಿ ಹೋಯ್ತು ಅಂತ.”

“ಹೋಗುತ್ತಾ ಅಮ್ಮಾ?”

“ನೂರಕ್ಕೆ ತೊಂಬತ್ತೈದು ಜನಕ್ಕೆ ಹೋಗುತ್ತೆ. ಬಿಟ್ರೆ ಮಾತ್ರ ಲಿವರ್ ಕಲ್ಲಾಗುತ್ತೆ, ನೀರು ತುಂಬುತ್ತೆ, ಕ್ಯಾನ್ಸರೂ ಆಗಬಹುದು.”

“ತಟ್ಟೆ, ಲೋಟ ಬೇರೆ ಇಡ್ಬೇಕಾ?”

“ಬೇಡ. ಊಟದಿಂದ ಬರಲ್ಲ, ಮುಟ್ಟಿದ್ರೆ ಬರಲ್ಲ. ರಕ್ತದಿಂದ ರಕ್ತಕ್ಕೆ ಬರೋದು. ಮತ್ತೆ ಚುಚ್ಚಿದ್ರೆ ಮತ್ತೆ ಬರುತ್ತೆ, ನೆನಪಿರ್ಲಿ. ಒಂದು ಸಲ ಬಂದೋರಿಗೆ ಬರಲ್ಲ ಅನ್ನೋದು ಸುಳ್ಳು.” ಡಾಕ್ಟ್ರಮ್ಮ ಫಾರಮ್ಮು ತಿರುಗಿಸಿ ನೋಡಿದಳು, ಹಚ್ಚೆಯ ಮುಂದಿನ ಗೀಟು ನೋಡಿದಳು, ದೊಡ್ಡಕ್ಕನ ಬೆರಳು ನೋಡಿದಳು. “ನಿನ್ನ ಜೊತೆ ಕೆಲಸ ಮಾಡೋರನ್ನೂ ಕಳಿಸು. ಪರೀಕ್ಷೆ ಮಾಡೋಣ.”

ಆ ಮಾತು ಅದು ಹೇಗೋ ಮೇಸ್ತ್ರಿಯ ಕಿವಿಗೆ ಬಿತ್ತು. ಮಧ್ಯಾಹ್ನ ಅವನು ಸ್ಟೂಲಿನ ಮೇಲೆ ಹತ್ತಿ ನಿಂತ.

“ಕೇಳ್ರೇ ಎಲ್ಲ. ಒಬ್ಬಳಿಗೆ ಬಂದ್ರೆ ಅದು ಅವಳ ಹಣೆಬರಹ. ಇನ್ನೊಬ್ಬಳಿಗೂ ಇದೆ ಅಂತ ಗೊತ್ತಾದ್ರೆ ಕಂಟ್ರಾಕ್ಟರು ಇಡೀ ಬ್ಯಾಚನ್ನೇ ಎತ್ತಿ ಬಿಸಾಕಿ ಹೊಸಬರನ್ನ ತರ್ತಾನೆ. ರಕ್ತ ಕೊಡೋ ತೀಟೆ ಇದ್ದೋರು ಹೋಗಿ ಕೊಡಿ. ಉಳಿದ ಹದಿನಾರು ಜನದ ಹೊಟ್ಟೆಗೆ ಹೊಡೆದೋರು ಅನ್ನಿಸ್ಕೊಳ್ಳಿ.”

ಯಾರೂ ಹೋಗಲಿಲ್ಲ. ನಾದಿನಿ ಮಾತ್ರ ಭಾನುವಾರ ಪೇಟೆಯ ಆಚೆ ತುದಿಯ ಖಾಸಗಿ ಲ್ಯಾಬಿಗೆ ಹೋಗಿ ಮೇಸ್ತ್ರಿಯ ಹೆಂಡತಿಯ ಹೆಸರು ಕೊಟ್ಟು ರಕ್ತ ತೆಗೆಸಿದಳು. ಸಂಜೆ ಚೀಟಿ ತಂದು ನೆಲದ ಮೇಲೆ ಹಾಸಿ, “ನೋಡು ಅತ್ತಿಗೆ, ಮೇಸ್ತ್ರಿ ಹೆಂಡ್ತಿಗೂ ಬಂದಿದೆ” ಎಂದು ನಕ್ಕಳು. ನಗುತ್ತ ನಗುತ್ತ ಗೋಡೆಗೆ ಒರಗಿ ಕೂತುಬಿಟ್ಟಳು.

ಇಬ್ಬರೂ ಇದ್ದದ್ದು ಒಂದೇ ಕೋಣೆಯಲ್ಲಿ. ನಾದಿನಿಯ ಗಂಡ ಎಂದೋ ಕೈಬಿಟ್ಟು ಹೋಗಿದ್ದ. ಹನ್ನೊಂದು ವರ್ಷದ ಮಗಳು ಮೂಲೆಯಲ್ಲಿ ಹೋಮ್‌ವರ್ಕ್ ಬರೆಯುತ್ತಿದ್ದಳು. ದೊಡ್ಡಕ್ಕ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ತಿಂಗಳಿನ ಇಪ್ಪತ್ತೆಂಟು ಮಾತ್ರೆ. ಖಾಲಿ ಡಬ್ಬಿ ತೋರಿಸಿದರೆ ಮುಂದಿನದು ಸಿಗುತ್ತದೆ.

“ನೀನು ತಿನ್ನು” ಎಂದಳು.

“ತಲೆ ಕೆಟ್ಟಿದೆಯಾ? ನಿನ್ನ ಹೆಸರಿಗೆ ಬಂದಿರೋದು.”

“ನಿಂಗೆ ಮಗಳಿದ್ದಾಳೆ. ನಂಗೇನಿದೆ ಇನ್ನು?”

“ನಿಂಗೆ ನಾನಿದ್ದೀನಲ್ಲೇ ಮುಂಡೆ! ನೀನು ಸತ್ರೆ ನಾನು ಯಾರ ಜೊತೆ ಜಗಳ ಆಡ್ಲಿ?”

ಆಡಿದರು. ಒಬ್ಬಳು ಡಬ್ಬಿ ಅತ್ತ ನೂಕುವುದು, ಇನ್ನೊಬ್ಬಳು ಇತ್ತ ನೂಕುವುದು. ಕೊನೆಗೆ ನಾದಿನಿಯೇ ಎದ್ದು ಮಗಳ ಪೆನ್ಸಿಲ್ ಕೆತ್ತುವ ಬ್ಲೇಡು ತಂದು ಬೆಂಕಿಗೆ ಹಿಡಿದಳು. ಮಾತ್ರೆಯನ್ನು ಮಣೆಯ ಮೇಲಿಟ್ಟು ನಡುವೆ ಒತ್ತಿದಳು. ಎರಡು ಹೋಳಾಯಿತು, ಒಂದಿಷ್ಟು ಪುಡಿ ಉದುರಿತು. ಪುಡಿಯನ್ನೂ ಬೆರಳಿಗೆ ಅಂಟಿಸಿ ಸರಿಯಾಗಿ ಹಂಚಿಕೊಂಡರು. ಕಹಿಗೆ ಇಬ್ಬರ ಮುಖವೂ ಕಿವುಚಿತು.

ಅವರಿಗೆ ಇದರಲ್ಲಿ ಯಾವ ತಪ್ಪೂ ಕಾಣಲಿಲ್ಲ. ಮಗುವಿಗೆ ಜ್ವರ ಬಂದಾಗ ಮಾತ್ರೆ ಮುರಿದೇ ಕೊಟ್ಟದ್ದು. ಗವಸನ್ನು ಅರ್ಧ ಮಾಡಿಕೊಂಡು ಒಂಬತ್ತು ವರ್ಷ ಕಳೆದಿದ್ದರು. ಅರ್ಧ ಮಾತ್ರೆ ಅರ್ಧ ಕಾಯಿಲೆಯನ್ನಾದರೂ ಕೊಲ್ಲುತ್ತದೆ, ಮಿಕ್ಕರ್ಧವನ್ನು ಮೈ ತಾನೇ ನೋಡಿಕೊಳ್ಳುತ್ತದೆ ಎಂದು ದೊಡ್ಡಕ್ಕ ಮನಸಾರೆ ನಂಬಿದಳು. ಸಿಕ್ಕಿದ್ದನ್ನು ಎರಡು ಮಾಡಿಕೊಂಡು ತಿನ್ನುವುದು ಬಿಟ್ಟು ಬೇರೆ ಬದುಕು ಅವರಿಗೆ ಗೊತ್ತಿರಲಿಲ್ಲ.

ಒಂದು ದಿನವೂ ತಪ್ಪಲಿಲ್ಲ. ಹುಡುಗಿ ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಎಳೆದಳು. ‘ಶಕ್ತಿ ಮಾತ್ರೆ’ ಎಂದು ಅವಳಿಗೆ ಹೇಳಿದ್ದರು. ತಲೆ ಸಿಡಿಯಿತು, ಹೊಟ್ಟೆ ತೊಳಸಿತು, ಆದರೂ ಎರಡನೇ ತಿಂಗಳಲ್ಲಿ ದೊಡ್ಡಕ್ಕನಿಗೆ ಸುಸ್ತು ಇಳಿದಂತೆ ಅನ್ನಿಸಿತು. ಮೂರನೇ ಡಬ್ಬಿ ಖಾಲಿಯಾದ ದಿನ ಇಬ್ಬರೂ ಒಂದೊಂದು ಲೋಟ ಟೀಗೆ ಎರಡೆರಡು ಚಮಚ ಸಕ್ಕರೆ ಹಾಕಿಕೊಂಡರು. ಆಮೇಲೆ ಕಾಯುವ ಮೂರು ತಿಂಗಳು. ಆ ಮೂರು ತಿಂಗಳಲ್ಲೂ ಮೂಟೆಗಳು ಬಿದ್ದವು, ಚಾದರಗಳು ಬಂದವು, ದೊಡ್ಡಕ್ಕನ ಎಡಗೈಗೆ ಎರಡು ಸಲ, ನಾದಿನಿಯ ಬಲಗೈಗೆ ಒಂದು ಸಲ ಚುಚ್ಚಿತು. ಇಬ್ಬರೂ ತೊಟ್ಟಿಗೆ ಕೈ ಅದ್ದಿ ಮುಂದಿನ ಚಾದರ ಎತ್ತಿದರು.

“ವೈರಸ್ ಇದೆ” ಎಂದಳು ಡಾಕ್ಟ್ರಮ್ಮ.

ದೊಡ್ಡಕ್ಕ ಖಾಲಿ ಡಬ್ಬಿಯನ್ನು ಮೇಜಿನ ಮೇಲಿಟ್ಟು ಅವಳತ್ತ ಸರಿಸಿದಳು.

“ಮಾತ್ರೆ ತಪ್ಪಿಸಿದ್ಯಾ?”

“ಒಂದು ದಿನಾನೂ ಇಲ್ಲ. ಮಗು ಕ್ಯಾಲೆಂಡರಲ್ಲಿ ಗೀಟು ಹಾಕಿದ್ದಾಳೆ.”

“ಮತ್ತೆ? ಹೊಸದಾಗಿ ಚುಚ್ಚಿ ಬಂತೋ, ಹಳೇದೇ ಹೋಗಿಲ್ವೋ… ಕುಡೀತೀಯಾ? ಬೇರೆ ಮಾತ್ರೆ ಏನಾದ್ರೂ ತಗೊಂಡ್ಯಾ? ನಿಜ ಹೇಳು, ನಾನೇನೂ ಬಯ್ಯಲ್ಲ.”

‘ಬಯ್ಯಲ್ಲ’ ಎಂಬ ಮಾತಿಗೆ ದೊಡ್ಡಕ್ಕ ಕರಗಿಹೋದಳು. ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಎಲ್ಲವನ್ನೂ ಹೇಳಿದಳು. ಬ್ಲೇಡು, ಮಣೆ, ಪುಡಿ ಹಂಚಿಕೊಂಡದ್ದು. ಹೇಳುವಾಗ ಅವಳ ಮುಖದಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು.

ಡಾಕ್ಟ್ರಮ್ಮ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡಳು. “ಅರ್ಧ ಮಾತ್ರೆ ಅಂದ್ರೆ ಅರ್ಧ ಔಷಧಿ ಅಲ್ಲಮ್ಮ. ಅದು ಔಷಧಿಯೇ ಅಲ್ಲ. ವೈರಸ್ಸು ಸಾಯಲ್ಲ, ಪಳಗುತ್ತೆ. ಮುಂದೆ ಇದೇ ಮಾತ್ರೆ ಪೂರ್ತಿ ಕೊಟ್ರೂ ಬಗ್ಗದೆ ಹೋಗಬಹುದು. ನಿನಗೂ ಅಷ್ಟೇ, ಅವಳಿಗೂ ಅಷ್ಟೇ.”

ದೊಡ್ಡಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ತಾನೇ ತನ್ನ ಕೈಯಾರೆ ನಾದಿನಿಯ ಕಾಯಿಲೆಯನ್ನು ಗಟ್ಟಿ ಮಾಡಿದ್ದಳು. ಪ್ರೀತಿಯಿಂದ ಪುಡಿಯ ಸಮೇತ ಹಂಚಿಕೊಂಡದ್ದು ಇಬ್ಬರಿಗೂ ದಕ್ಕದೆ ಹೋಗಿತ್ತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

“ಅಳಬೇಡ. ದಾರಿ ಇದೆ” ಎಂದಳು ಡಾಕ್ಟ್ರಮ್ಮ. “ಇನ್ನೂ ಜೋರಿನ ಮಾತ್ರೆ ಇದೆ, ಆರು ತಿಂಗಳು. ಆದ್ರೆ ಅದಕ್ಕೆ ಆಡಳಿತಾಧಿಕಾರಿ ಸಹಿ ಬೇಕು. ನಿನ್ನ ನಾದಿನಿ ಹೆಸರೂ ರಿಜಿಸ್ಟರಲ್ಲಿ ಬರಬೇಕು. ಕೆಲಸದಲ್ಲಿ ಚುಚ್ಚಿ ಬಂದಿದ್ದು ಅಂತ ಫಾರಮ್ಮು ತಿದ್ದಿದ್ರೆ ಇಬ್ಬರಿಗೂ ಆಸ್ಪತ್ರೆಯೇ ಕೊಡಲೇಬೇಕು. ನಾನು ಬರೆದು ಕೊಡ್ತೀನಿ. ತಿದ್ದೋ ಅಧಿಕಾರ ನಂದಲ್ಲ.”

ಡಾಕ್ಟ್ರಮ್ಮನ ಕಾಗದವನ್ನು ಸೆಂಟು ಸಾಹೇಬ ಎರಡು ಬೆರಳಲ್ಲಿ ಹಿಡಿದು ಓದಿದ. ನಾದಿನಿಯ ಹೆಸರನ್ನೂ ಅರ್ಧ ಮಾತ್ರೆಯ ಸಂಗತಿಯನ್ನೂ ಅದರಲ್ಲಿ ಸದ್ಯಕ್ಕೆ ಬರೆಯಬೇಡಿರೆಂದು ದೊಡ್ಡಕ್ಕ ಬೇಡಿಕೊಂಡಿದ್ದಳು. ಅವನ ಕೋಣೆ ತಣ್ಣಗಿತ್ತು. ಮೇಸ್ತ್ರಿ ಗೋಡೆಗೆ ಅಂಟಿಕೊಂಡು ನಿಂತಿದ್ದ, ಗುಮಾಸ್ತ ಹಳೇ ಫಾರಮ್ಮು ಹಿಡಿದು ಬಂದಿದ್ದ.

“ಬಿಟ್ಟಿ ಕೊಟ್ಟಿದ್ದನ್ನ ನುಂಗೋಕೂ ನಿಮಗೆ ಯೋಗ್ಯತೆ ಇಲ್ಲ. ತಪ್ಪಿಸಿದ್ದು ಯಾಕೆ?”

“ತಪ್ಪಿಸಿಲ್ಲ ಸಾಹೇಬ್ರೆ.”

“ತಪ್ಪಿಸ್ದೆ ವಾಸಿ ಆಗ್ಲಿಲ್ವಾ? ಎಲ್ಲರಿಗೂ ಆಗುತ್ತೆ, ನಿನಗೊಬ್ಬಳಿಗೆ ಆಗ್ಲಿಲ್ವಾ? ಎಲ್ಲಿ ಮಾರ್ಕೊಂಡೆ?”

“ಏನು?”

“ಮಾತ್ರೆ ಕಣೇ. ಹೊರಗಡೆ ಒಳ್ಳೇ ರೇಟಿದೆ ಅದಕ್ಕೆ. ನಿಮ್ಮಂಥೋರನ್ನ ಎಷ್ಟು ನೋಡಿಲ್ಲ ನಾನು.”

“ಇಂಥ ಕಳ್ಳಮುಂಡೆರಿಗೆ ಸಾಹೇಬ್ರು ದಯೆ ತೋರ್ಸಿದ್ದೇ ತಪ್ಪು” ಎಂದ ಮೇಸ್ತ್ರಿ.

ದೊಡ್ಡಕ್ಕನ ನಾಲಗೆಯ ತುದಿಗೆ ಬಂದಿತ್ತು, ಮಾರಿಲ್ಲ, ಅರ್ಧ ಮಾಡಿಕೊಂಡು ತಿಂದ್ವಿ ಎಂದು. ಯಾರ ಜೊತೆ ಎಂದು ಅವನು ಕೇಳುತ್ತಾನೆ. ಅವಳು ಮಾತು ನುಂಗಿಕೊಂಡಳು. ಕಳ್ಳಿ ಅನ್ನಿಸಿಕೊಂಡದ್ದಕ್ಕಿಂತ, ಅಲ್ಲವೆಂದು ಹೇಳಲಾಗದೆ ಹೋದದ್ದು ಅವಳಿಗೆ ಹೆಚ್ಚು ನೋಯಿತು.

“ಇಲ್ಲಿ ಸಹಿ ಹಾಕು. ‘ಹೇಳಿದಂತೆ ಔಷಧಿ ತೆಗೆದುಕೊಂಡಿಲ್ಲ, ಕಾಯಿಲೆ ಕೆಲಸದಿಂದ ಬಂದದ್ದಲ್ಲ, ಮುಂದಿನದಕ್ಕೆ ನಾನೇ ಹೊಣೆ.’ ಶಿಫ್ಟು ಮುಗಿಯೋದ್ರೊಳಗೆ ಗೇಟ್ ಪಾಸು ಮೇಸ್ತ್ರಿಗೆ ಕೊಟ್ಟು ಹೋಗು.”

“ಆರು ತಿಂಗಳ ಮಾತ್ರೆ?”

“ಮಾರೋಕಾ?”

ಅವಳು ಕಾಗದ ತೆಗೆದುಕೊಂಡಳು. “ಕೈ ಬ್ಲೀಚಿಂಗ್ ಆಗಿದೆ. ತೊಳ್ಕೊಂಡು ಬಂದು ಹಾಕ್ತೀನಿ” ಎಂದು ಹೊರಗೆ ಬಂದಳು. ಮೆಟ್ಟಿಲು ಇಳಿಯುವಾಗ ಎರಡು ಕಡೆ ಕೂತು ಸುಧಾರಿಸಿಕೊಂಡಳು.

ನಾದಿನಿ ಮೇಜಿನ ಮುಂದೆ ಒಬ್ಬಳೇ ಕೊಡವುತ್ತಿದ್ದಳು. ಮುಖ ನೋಡುತ್ತಲೇ ಕೈ ನಿಲ್ಲಿಸಿದಳು. “ಹೋಗಿಲ್ವಾ?”

“ಇಬ್ಬರಿಗೂ ಹೋಗಿಲ್ಲ. ಅರ್ಧ ತಿಂದ್ರೆ ಅದು ಔಷಧಿ ಅಲ್ವಂತೆ. ವಿಷ ಕೊಟ್ಟಂಗಾಯ್ತು ಕಣೇ ನಿಂಗೆ, ನಾನು.”

“ಬ್ಲೇಡು ಹಿಡಿದೋಳು ನಾನು. ನೀನೇನು ಕೊಟ್ಟಿದ್ದು?” ನಾದಿನಿ ಅತ್ತಿಗೆಯ ಕೈಲಿದ್ದ ಕಾಗದ ಕಿತ್ತುಕೊಂಡು ಓದಿದಳು. ಅಕ್ಷರ ಬಲ್ಲವಳು ಅವಳೇ. ಎಲ್ಲರಿಗೂ ಕೇಳುವಂತೆ ಓದಿದಳು. ಯಂತ್ರಗಳ ಗದ್ದಲದಲ್ಲಿ ಹೆಂಗಸರು ಹತ್ತಿರ ಬಂದು ನಿಂತರು.

“ಏನ್ರೇ ಜಾತ್ರೆ ಅಲ್ಲಿ?” ಮೇಸ್ತ್ರಿ ಮೆಟ್ಟಿಲ ಮೇಲಿಂದಲೇ ಕೂಗಿದ. “ಆಪರೇಶನ್ ಥಿಯೇಟರಿನೋರು ಚಾದರ ಕೇಳ್ತಿದ್ದಾರೆ. ಏಯ್ ದೊಡ್ಡಕ್ಕ, ಪಾಸು ಕೊಡೋ ತನಕ ಕೈ ಮುರ್ಕೊಂಡು ನಿಲ್ಬೇಡ. ಕೊಡವು.”

ದೊಡ್ಡಕ್ಕ ಮೂಟೆಯ ಕಡೆ ನೋಡಿದಳು. ಎತ್ತರಕ್ಕೆ ಬಿದ್ದಿತ್ತು. ಅವಳು ಯಾವ ನಿರ್ಧಾರವನ್ನೂ ಮಾಡಲಿಲ್ಲ. ಒದ್ದೆ ನೆಲದ ಮೇಲೆ ಮೆಲ್ಲಗೆ ಕೂತಳು, ಬೆನ್ನನ್ನು ಮೇಜಿನ ಕಾಲಿಗೆ ಕೊಟ್ಟಳು.

“ಆಗಲ್ಲ” ಎಂದಳು.

“ಏನಾಗಲ್ಲ?”

“ಕೊಡವೋಕೆ ಆಗಲ್ಲ. ಸಾಕಾಯ್ತು.”

“ಎದ್ದೇಳೇ ಹಲ್ಕಾ ಮುಂಡೆ! ಸಹಿ ಹಾಕಿ ಆಚೆ ನಡಿ ಹಂಗಾದ್ರೆ.”

“ಸಹಿನೂ ಹಾಕಲ್ಲ.”

ನಾದಿನಿ ಗವಸು ಕಳಚಿ ಮೇಜಿನ ಮೇಲಿಟ್ಟಳು. “ಮೇಸ್ತ್ರಿ, ಬರ್ಕೋ. ಅರ್ಧ ಮಾತ್ರೆ ತಿಂದೋಳು ನಾನು. ನಂಗೂ ಇದೆ ಕಾಯಿಲೆ. ಇಬ್ಬರಾದ್ವಲ್ಲ, ಈಗ ಕರಿ ನಿನ್ನ ಕಂಟ್ರಾಕ್ಟರನ್ನ.” ಅವಳೂ ಅತ್ತಿಗೆಯ ಪಕ್ಕದಲ್ಲಿ ಕೂತಳು.

ದೊಡ್ಡಕ್ಕ ಗಾಬರಿಯಾಗಿ ಅವಳ ರಟ್ಟೆ ಹಿಡಿದಳು. ಉಳಿದ ಹದಿನೈದು ಜನ ಈಗ ತಮ್ಮಿಬ್ಬರಿಗೆ ಶಾಪ ಹಾಕುತ್ತಾರೆ ಎಂದು ಅವಳಿಗೆ ಭಯವಾಯಿತು. ಮಡಚುವ ಮೇಜಿನ ಮುದುಕಿಯೊಬ್ಬಳು ಮುಂದೆ ಬಂದಳು. ಮೊಣಕಾಲಿನ ಮೇಲೆ ಕೈಯೂರಿ, ನರಳುತ್ತ ಕೂತಳು. “ನಂಗೂ ಚುಚ್ಚಿತ್ತು. ನಾಲ್ಕು ಸಲ” ಎಂದಳು. ಇನ್ನೊಬ್ಬಳು, “ನಂಗೆ ಹೋದ ವಾರ” ಎಂದಳು. ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಯಾರಿಗೂ ಕೂಗುವ ಹುರುಪಿರಲಿಲ್ಲ. ಬಸ್ಸಿಗೆ ಕಾಯುವವರಂತೆ ಸುಮ್ಮನೆ ಕೂತಿದ್ದರು. ಯಂತ್ರಗಳು ತಮ್ಮ ಪಾಡಿಗೆ ತಿರುಗಿ, ನೀರು ಬಿಟ್ಟು, ನಿಂತವು.

ಮೇಲಿಂದ ಇನ್ನೊಂದು ಮೂಟೆ ಕೊಳವೆಯೊಳಗೆ ಜಾರಿ ಬಿತ್ತು. ಗೋಡೆಯ ಫೋನು ಒಂದೇ ಸಮನೆ ಹೊಡೆದುಕೊಂಡಿತು. ಅರ್ಧ ಗಂಟೆಗೆ ಸೆಂಟು ಸಾಹೇಬ ಇಳಿದು ಬಂದ, ಹಿಂದೆ ಗುಮಾಸ್ತ.

“ಏನಿದು ನಾಟಕ? ಮೇಲೆ ಪೇಷೆಂಟನ್ನ ಟೇಬಲ್ ಮೇಲೆ ಮಲಗಿಸಿದ್ದಾರೆ. ಏನ್ ಬೇಕು ನಿಮಗೆ?”

ಎಲ್ಲರೂ ದೊಡ್ಡಕ್ಕನ ಕಡೆ ನೋಡಿದರು. ಅವಳಿಗೆ ಭಾಷಣ ಗೊತ್ತಿರಲಿಲ್ಲ. “ಫಾರಮ್ಮಲ್ಲಿ ಸೂಜಿ ಅಂತ ಬರೀರಿ. ಎಲ್ಲರ ರಕ್ತ ನೋಡಿ. ಇದ್ದೋರಿಗೆಲ್ಲ ಪೂರ್ತಿ ಮಾತ್ರೆ ಕೊಡಿ” ಎಂದಳು.

“ಸೂಜಿ ಸೂಜಿ ಅಂತ ಬಡ್ಕೋತೀರಲ್ಲ, ಎಲ್ಲಿದೆ ಸೂಜಿ? ನಮ್ಮ ವಾರ್ಡುಗಳಿಂದ ಒಂದು ಸೂಜಿನೂ ಕೆಳಗೆ ಬರಲ್ಲ. ಬರವಣಿಗೇಲಿ ಇದೆ.”

“ಬರಲ್ವಾ?”

“ಬರಲ್ಲ.”

“ಹಂಗಾದ್ರೆ ನೀವೇ ಒಂದು ಚಾದರ ಕೊಡವಿ ಸಾಹೇಬ್ರೆ. ಏನೂ ಇಲ್ದಿದ್ರೆ ನಾನು ಸಹಿ ಹಾಕ್ತೀನಿ. ಇವರೆಲ್ಲ ಎದ್ದು ಕೆಲಸ ಮಾಡ್ತಾರೆ.”

ನೆಲದ ಮೇಲಿದ್ದ ಮೂವತ್ತನಾಲ್ಕು ಕಣ್ಣುಗಳು ಅವನ ಕೈಗಳನ್ನು ನೋಡಿದವು. ಶುಭ್ರವಾದ, ಉಗುರು ಕತ್ತರಿಸಿದ, ಉಂಗುರದ ಕೈಗಳು. ಅವನು ಅವನ್ನು ಪ್ಯಾಂಟಿನ ಜೇಬಿಗೆ ಇಳಿಸಿದ.

“ಮೇಸ್ತ್ರಿ, ಕೊಡವಿ ತೋರ್ಸು ಇವರಿಗೆ.”

ಮೇಸ್ತ್ರಿ ಗುಮಾಸ್ತನ ಕಡೆ ನೋಡಿದ. ಗುಮಾಸ್ತ ಫಾರಮ್ಮಿನ ಕಡೆ ನೋಡಿದ.

“ಹೇಳಿದ್ದು ಕೇಳಿಸ್ಲಿಲ್ವಾ?”

“ಹೂಂ ಸಾರ್.” ಮೇಸ್ತ್ರಿ ಮೂಟೆಯ ಹತ್ತಿರ ಹೋದ. ಸುತ್ತ ಒಂದು ಸಲ ನಡೆದ. ತೋಳು ಮಡಚಿದ, ಮತ್ತೆ ಬಿಚ್ಚಿದ. ಕಂದು ಕಲೆಯ ಒಂದು ಚಾದರದ ಅಂಚು ಹೊರಗೆ ಚಾಚಿತ್ತು. ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒಂದಿಷ್ಟು ಎಳೆದ.

“ಕೊಡವು” ಎಂದಳು ದೊಡ್ಡಕ್ಕ, ನೆಲದ ಮೇಲಿಂದ.

ಗೋಡೆಯ ಫೋನು ಮತ್ತೆ ಹೊಡೆದುಕೊಳ್ಳತೊಡಗಿತು. ಯಾರೂ ಎತ್ತಲಿಲ್ಲ. ಮೇಸ್ತ್ರಿ ಅಂಚು ಹಿಡಿದುಕೊಂಡೇ ನಿಂತಿದ್ದ, ಕೊಡವಲಿಲ್ಲ.